ಗಿಡ ನೋಡಿ ಬರುತ್ತೇನೆ

ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನನ್ನ ಕಾಲುಗಳು ತರಕಾರಿ ಕುಂಡಗಳ ಕಡೆಗೆ ಹೊರಳುತ್ತವೆ. ಕೆಲಸಕ್ಕೆ ಕೂರುವ ಮೊದಲು ಒಮ್ಮೆ, ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತುಬಿದ್ದಿವೆಯೇ ಎಂದು ತಿಳಿಯಲು ಒಮ್ಮೆ, ಸಂಜೆ ನೀರು ಹಾಕಲು ಒಮ್ಮೆ, ರಾತ್ರಿ ಟಾರ್ಚು ಹಿಡಿದು ಬಸವನಹುಳುಗಳನ್ನು ಹುಡುಕಲು ಮತ್ತೊಮ್ಮೆ ಹೋಗುತ್ತೇನೆ. “ಗಿಡ ನೋಡಿ ಬರುತ್ತೇನೆ” ಎಂಬ ಮಾತು ದಿನಕ್ಕೆ ಎಷ್ಟು ಸಲ ನನ್ನ ಬಾಯಿಂದ ಬರುತ್ತದೆಂದು ನಾನು ಲೆಕ್ಕವಿಟ್ಟಿಲ್ಲ. ಅರ್ಧ ಗಂಟೆಯ ಹಿಂದೆ ನೋಡಿ ಬಂದ ಗಿಡದಲ್ಲಿ ಮತ್ತೆ ನೋಡುವಂಥದ್ದು ಏನಿದೆ ಎಂದು ಮನೆಯವರು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದ ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸೌತೆಬಳ್ಳಿಯಿಂದಲೇ ಆರಂಭಿಸುತ್ತೇನೆ. ಅದರ ಗೆಣ್ಣುಗಳಿಂದ ಹೊರಡುವ ನೂಲಿನಂಥ ಎಳೆಗಳು ಆಸರೆ ಸಿಗುವವರೆಗೆ ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತಿರುತ್ತವೆ. ನೋಡುತ್ತ ನಿಂತರೆ ಆ ಚಲನೆ ಕಣ್ಣಿಗೆ ಸಿಗುವುದಿಲ್ಲ, ಆದರೆ ಒಂದಿಷ್ಟು ಹೊತ್ತು ಬಿಟ್ಟು ಬಂದರೆ ಗೋಡೆಯ ಕಡೆ ಚಾಚಿದ್ದ ಎಳೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಅದರ ತುದಿಗೆ ಕಡ್ಡಿಯೋ ದಾರವೋ ತಗುಲಿತೆಂದರೆ ಬೇಗನೆ ಬಾಗಲು ತೊಡಗಿ, ಕೆಲವು ಗಂಟೆಗಳಲ್ಲಿ ಆ ಆಸರೆಯನ್ನು ಭದ್ರವಾಗಿ ಸುತ್ತಿಕೊಂಡುಬಿಡುತ್ತದೆ. ಅನಂತರ ನಡೆಯುವುದು ಇನ್ನೂ ಸೊಗಸಾದ ಸಂಗತಿ. ಎರಡೂ ತುದಿ ಬಂಧಿಯಾದ ಆ ಎಳೆ ತನ್ನ ನಡುಭಾಗವನ್ನು ಸ್ಪ್ರಿಂಗಿನಂತೆ ಸುರುಳಿಯಾಗಿಸಿ ಬಳ್ಳಿಯನ್ನು ಆಸರೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಎರಡೂ ಕಡೆ ಬಿಗಿದ ದಾರವನ್ನು ಒಂದೇ ದಿಕ್ಕಿಗೆ ನುಲಿಯುತ್ತ ಹೋದರೆ ಅದು ಗಂಟುಬೀಳುತ್ತದೆ, ಆದ್ದರಿಂದ ಎಳೆಯ ಅರ್ಧಭಾಗ ಬಲಕ್ಕೆ ಸುತ್ತಿದರೆ ಉಳಿದರ್ಧ ಎಡಕ್ಕೆ ಸುತ್ತುತ್ತದೆ, ನಡುವೆ ಒಂದು ಸಣ್ಣ ನೇರ ತುಂಡು ಉಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ಅವರು ಹಬ್ಬುವ ಸಸ್ಯಗಳನ್ನು ಕುರಿತು 1865ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಈ ಎರಡು ದಿಕ್ಕಿನ ಸುರುಳಿಯನ್ನು ಬಹಳ ಶ್ರದ್ಧೆಯಿಂದ ವಿವರಿಸಿದ್ದಾರೆ. ಅದನ್ನು ತಿಳಿದ ದಿನ ನಾನು ನನ್ನ ಬಳ್ಳಿಯಲ್ಲಿದ್ದ ಸುರುಳಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ಎರಡೂ ತುದಿ ಕಟ್ಟಿಕೊಂಡಿದ್ದ ಪ್ರತಿಯೊಂದರಲ್ಲಿಯೂ ಆ ತಿರುವು ಇತ್ತು.

ಈ ನೋಡುವ ಆಸೆ ಮೊದಮೊದಲು ನನ್ನಿಂದ ತಪ್ಪುಗಳನ್ನೂ ಮಾಡಿಸಿತು. ಬೀಜ ಹಾಕಿದ ಮೂರನೆಯ ದಿನಕ್ಕೆ ತಾಳ್ಮೆ ಕಳೆದುಕೊಂಡು ಮಣ್ಣನ್ನು ಬೆರಳಿನಿಂದ ಕೆದಕಿ, ಆಗಷ್ಟೇ ಹೊರಬಂದಿದ್ದ ಬಿಳಿಯ ಬೇರಿನ ತುದಿಯನ್ನು ಮುರಿದಿದ್ದೇನೆ. ಮೊಳಕೆಗೆ ಎಷ್ಟು ದಿನ ಬೇಕೆಂಬುದು ಬೀಜದ ಜಾತಿಯ ಮೇಲೆ ಎಷ್ಟು ನಿಂತಿದೆಯೋ ಮಣ್ಣಿನ ಬಿಸುಪಿನ ಮೇಲೂ ಅಷ್ಟೇ ನಿಂತಿದೆ. ಟೊಮೆಟೊ ಬೀಜಕ್ಕೆ ಮಣ್ಣು 20ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದರೆ ಸಾಮಾನ್ಯವಾಗಿ ಐದರಿಂದ ಹತ್ತು ದಿನ ಸಾಕಾಗುತ್ತದೆ, ಮೆಣಸಿನಕಾಯಿ ಬೀಜ ಅದಕ್ಕಿಂತ ಹೆಚ್ಚು ದಿನ ಕಾಯಿಸುತ್ತದೆ. ಈಗ ನಾನು ಕೆದಕುವುದಿಲ್ಲ, ಬಿತ್ತಿದ ತಾರೀಖನ್ನು ಕಡ್ಡಿಯ ಮೇಲೆ ಬರೆದು ಚುಚ್ಚಿ, ಮಣ್ಣಿನ ಮೇಲ್ಮೈಯನ್ನಷ್ಟೇ ನೋಡುತ್ತೇನೆ. ಹುರುಳಿಕಾಯಿಯ ಮೊಳಕೆ ಹೊರಬರುವ ರೀತಿಯನ್ನು ಹಾಗೆ ಕಾದೇ ಕಂಡುಕೊಂಡೆ. ಅದು ನೆಟ್ಟಗೆ ತಲೆಯೆತ್ತಿ ಬರುವುದಿಲ್ಲ. ಕಾಂಡವು ಕೊಕ್ಕೆಯಂತೆ ಬಾಗಿ ಆ ಬೆನ್ನಿನಿಂದ ಮಣ್ಣನ್ನು ಎತ್ತುತ್ತದೆ, ಬೀಜದ ಎರಡು ಬೇಳೆಗಳೂ ಅವುಗಳ ನಡುವೆ ಇರುವ ಎಳೆಯ ಕುಡಿಯೂ ಆ ಬಾಗಿನ ಹಿಂದೆ ಏಟು ತಗುಲದಂತೆ ಎಳೆಯಲ್ಪಟ್ಟು ಬರುತ್ತವೆ, ಬೆಳಕು ತಾಗಿದ ಮೇಲೆಯೇ ಕೊಕ್ಕೆ ನೆಟ್ಟಗಾಗುತ್ತದೆ. ಮೇಲ್ಮಣ್ಣಿನ ಹೆಪ್ಪು ಬಿರುಕುಬಿಟ್ಟು ಒಂದು ಸಣ್ಣ ಮುಚ್ಚಳದಂತೆ ಮೇಲೆದ್ದಿರುವುದನ್ನು ಕಂಡ ಬೆಳಗು ನನಗೆ ದಿನವಿಡೀ ಉಲ್ಲಾಸ ಕೊಡುತ್ತದೆ.

ಆ ಉಲ್ಲಾಸವೇ ಅತಿಯಾದ ಉಪಚಾರಕ್ಕೆ ತಿರುಗಿದಾಗ ಸಸಿಗಳು ಸಾಯುತ್ತವೆ. ಒಂದು ವರ್ಷ ಸಾಲಾಗಿ ಎದ್ದಿದ್ದ ಬದನೆ ಸಸಿಗಳಿಗೆ ಬೆಳಗ್ಗೆ, ಸಂಜೆ ಎರಡು ಹೊತ್ತೂ ನೀರು ಹಾಕಿದೆ. ನಾಲ್ಕನೆಯ ದಿನ ಅವು ಬುಡದಲ್ಲಿ ಚಿವುಟಿದಂತೆ ಕಪ್ಪಾಗಿ, ಒಂದರ ಪಕ್ಕ ಒಂದು ಒರಗಿ ಬಿದ್ದವು. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಕೆಲವು ಶಿಲೀಂಧ್ರಗಳು ಮತ್ತು ಅವುಗಳನ್ನು ಹೋಲುವ ಸೂಕ್ಷ್ಮಜೀವಿಗಳು ಎಳೆಯ ಕಾಂಡವನ್ನು ಕೊಳೆಸುವುದರಿಂದ ಹೀಗಾಗುತ್ತದೆ. ಈಗ ನೀರಿನ ಕ್ಯಾನು ಎತ್ತುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣಿನಲ್ಲಿ ಇಳಿಸಿ ನೋಡುತ್ತೇನೆ. ನನ್ನ ತಿಳಿವಳಿಕೆಯ ಮಟ್ಟಿಗೆ ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ, ಅದರಲ್ಲಿಯೂ ಪ್ರೀತಿ ಹೆಚ್ಚಿರುವವರ ಮನೆಯಲ್ಲಿ.

ನೀರಿನ ಮಾತು ಬಂದಾಗ ಟೊಮೆಟೊ ಹಣ್ಣಿನ ತುದಿ ಕೊಳೆಯುವ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದರ ಕಾರಣ ಹುಡುಕಲು ನಾನು ಒಂದು ಇಡೀ ಬೆಳೆಯನ್ನು ಕಳೆದುಕೊಂಡಿದ್ದೇನೆ. ಚೆನ್ನಾಗಿ ಉರುಟಾಗಿ ಬೆಳೆಯುತ್ತಿದ್ದ ಕಾಯಿಗಳ ತೊಟ್ಟಿನ ಎದುರುಭಾಗದಲ್ಲಿ, ಅಂದರೆ ಹೂವು ಉದುರಿದ ತುದಿಯಲ್ಲಿ, ಮೊದಲು ನೀರು ತುಂಬಿದಂಥ ಕಲೆ ಮೂಡಿ, ಅನಂತರ ಅದು ಚರ್ಮದಂತೆ ಕಪ್ಪಾಗಿ ಒಳಕ್ಕೆ ಕುಸಿಯುತ್ತಿತ್ತು. ರೋಗವೆಂದು ತಿಳಿದು ಬೇವಿನೆಣ್ಣೆ ಸಿಂಪಡಿಸಿದೆ, ಕಲೆಯಿದ್ದ ಕಾಯಿಗಳನ್ನು ಕಿತ್ತು ದೂರ ಎಸೆದೆ, ಏನೂ ಪ್ರಯೋಜನವಾಗಲಿಲ್ಲ. ಅದು ಸೋಂಕೇ ಅಲ್ಲ, ಬೆಳೆಯುವ ಕಾಯಿಯ ತುದಿಗೆ ಕ್ಯಾಲ್ಸಿಯಂ ಸಾಲದೆ ಹೋದಾಗ ಅಲ್ಲಿನ ಜೀವಕೋಶಗಳು ಕುಸಿಯುವುದರ ಪರಿಣಾಮ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಹರಿವಿನ ಜೊತೆಗೇ ಸಾಗುತ್ತದೆ, ಮತ್ತು ನೀರನ್ನು ಹೆಚ್ಚಾಗಿ ಆವಿಯಾಗಿ ಬಿಡುವ ಎಲೆಗಳೇ ಅದರ ಬಹುಪಾಲನ್ನು ಸೆಳೆದುಕೊಳ್ಳುತ್ತವೆ. ಎರಡು ದಿನ ಒಣಗಿಸಿ ಮೂರನೆಯ ದಿನ ಕುಂಡ ತುಂಬ ನೀರು ಸುರಿಯುವ ನನ್ನ ರೂಢಿಯಲ್ಲಿ ಕಾಯಿಯ ಪಾಲು ಪದೇಪದೇ ತಪ್ಪಿಹೋಗುತ್ತಿತ್ತು. ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಹೀಗಾಗಬಹುದಾದ್ದರಿಂದ, ಮೊಟ್ಟೆಯ ಸಿಪ್ಪೆಯ ಪುಡಿ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ನಾನು ಈಗ ಯಾರಿಗೂ ಕೊಡುವುದಿಲ್ಲ. ಕುಂಡದ ಮೇಲ್ಮಣ್ಣಿಗೆ ಒಣಹುಲ್ಲಿನ ಹೊದಿಕೆ ಹಾಕಿ, ದಿನವೂ ಒಂದೇ ಅಳತೆಯಲ್ಲಿ ನೀರು ಕೊಡತೊಡಗಿದ ಮೇಲೆ ಅದೇ ಗಿಡದಲ್ಲಿ ಆಮೇಲೆ ಬಂದ ಗೊಂಚಲುಗಳು ಕಲೆಯಿಲ್ಲದೆ ಹಣ್ಣಾದವು.

ಗಿಡದ ಬೇರು ಇಳಿಯುವ ಮಣ್ಣಿನ ಮೇಲಿನ ಮೋಹವಂತೂ ನನ್ನಲ್ಲಿ ತರಕಾರಿಯ ಮೋಹವನ್ನೂ ಮೀರಿ ಬೆಳೆದಿದೆ. ಮೊದಲ ವರ್ಷ ನಾನು ಮಣ್ಣನ್ನು ಗಿಡ ನಿಲ್ಲಿಸುವ ಸಾಮಗ್ರಿಯೆಂದು ಮಾತ್ರ ತಿಳಿದಿದ್ದೆ. ಈಗ ಅಡುಗೆಮನೆಯ ಸಿಪ್ಪೆ, ಉದುರಿದ ತರಗೆಲೆ, ಕತ್ತರಿಸಿದ ಬಳ್ಳಿಗಳ ತುಂಡು, ಯಾವುದನ್ನೂ ಹೊರಗೆಸೆಯಲು ಮನಸ್ಸಾಗುವುದಿಲ್ಲ, ಎಲ್ಲವೂ ಗೊಬ್ಬರದ ರಾಶಿಗೆ ಸೇರುತ್ತವೆ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ತೂಕದ ಲೆಕ್ಕದಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲಿನಷ್ಟಿದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಮನೆಯಲ್ಲಿ ಯಾರೂ ಹಾಗೆ ತೂಗುವುದಿಲ್ಲ, ಒಂದು ಬೊಗಸೆ ಹಸಿಗೆ ಎರಡು ಮೂರು ಬೊಗಸೆ ತರಗೆಲೆ ಎಂಬ ಅಂದಾಜು ನನಗೆ ಸರಿಹೋಗಿದೆ. ವಾಸನೆ ಬಂದರೆ ಒಣ ಎಲೆ ಸಾಲದು ಅಥವಾ ಗಾಳಿ ಆಡುತ್ತಿಲ್ಲ ಎಂದರ್ಥ, ಏನೂ ಕರಗದೆ ಹಾಗೆಯೇ ಇದ್ದರೆ ನೀರಿನ ಪಸೆ ಸಾಲದು ಎಂದರ್ಥ. ಹದ ಕೂಡಿ ಬಂದ ದೊಡ್ಡ ರಾಶಿಯ ನಡುಭಾಗ 55 ಡಿಗ್ರಿಯನ್ನೂ ದಾಟಿ ಬಿಸಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ರಾಶಿಯನ್ನು ಸಲಿಕೆಯಿಂದ ಮಗುಚಿದಾಗ ಒಳಗಿನಿಂದ ಆವಿ ಏಳುವುದನ್ನು ಮೊದಲ ಸಲ ಕಂಡು, ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಒಲೆಯಿಲ್ಲದೆ, ಕೇವಲ ಕಣ್ಣಿಗೆ ಕಾಣದ ಜೀವಿಗಳ ಉಸಿರಾಟದಿಂದ ಹುಟ್ಟಿದ ಬಿಸಿ ಅದು.

ಕೆಲವು ತಿಂಗಳ ನಂತರ ಅದೇ ರಾಶಿ ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಯ ನೆಲದಂತೆ ಕಂಪು ಬೀರುತ್ತದೆ. ಆ ಕಂಪಿನ ಮೂಲ ಜಿಯೋಸ್ಮಿನ್ ಎಂಬ ವಸ್ತು, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ, ಮತ್ತು ಮನುಷ್ಯನ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲದು. ಅಷ್ಟರಲ್ಲಿ ಎರೆಹುಳುಗಳೂ ಬಂದು ಸೇರಿರುತ್ತವೆ. ನೋಡುವ ವಿಷಯದಲ್ಲಿ ನನ್ನಂಥವರಿಗೆಲ್ಲ ಧೈರ್ಯ ಕೊಡುವ ಒಂದು ಪ್ರಸಂಗ ಈ ಹುಳುಗಳಿಗೆ ಸಂಬಂಧಿಸಿದೆ. ಡಾರ್ವಿನ್ ಅವರು 1842ರಲ್ಲಿ ತಮ್ಮ ಮನೆಯ ಹತ್ತಿರದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದರು. ಎರೆಹುಳುಗಳು ಕೆಳಗಿನ ಮಣ್ಣನ್ನು ಹಿಕ್ಕೆಯಾಗಿ ಮೇಲಕ್ಕೆ ತಂದು ಹಾಕುತ್ತ ಹೋದರೆ ಮೇಲಿನ ವಸ್ತುಗಳು ಎಷ್ಟು ಆಳಕ್ಕೆ ಇಳಿಯುತ್ತವೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. 29 ವರ್ಷ ಕಾದು, 1871ರಲ್ಲಿ ಅಲ್ಲಿ ಕಂದಕ ತೋಡಿಸಿದಾಗ ಆ ಬಿಳಿಯ ಚೂರುಗಳ ಗೆರೆ ನೆಲದಿಂದ 7 ಅಂಗುಲ ಕೆಳಗೆ ಕಂಡಿತು. ಒಂದು ಪ್ರಶ್ನೆಗೆ ಉತ್ತರ ನೋಡಲು 29 ವರ್ಷ ಕಾದವರಿದ್ದಾರೆಂದು ನೆನೆದಾಗ, ಮೆಣಸಿನಕಾಯಿ ಬೀಜಕ್ಕೆ ಇನ್ನೊಂದು ವಾರ ಕಾಯುವುದು ನನಗೆ ಕಷ್ಟವೆನಿಸುವುದಿಲ್ಲ.

ಕೀಟಗಳ ಬಗೆಗೆ ಬರೆಯತೊಡಗಿದರೆ ಅದೇ ಬೇರೆ ಬರಹವಾದೀತು. ಎಲೆಯ ಮೇಲೆ ಬಿಳಿ ಗೆರೆಗಳನ್ನು ಎಳೆಯುತ್ತ ಹೋಗುವ ರಂಗೋಲಿ ಹುಳುವನ್ನು ನಾನು ಗೆರೆಯ ಕೊನೆಯಲ್ಲಿ ಬೆರಳೊತ್ತಿ ಅಲ್ಲಿಗೇ ನಿಲ್ಲಿಸುತ್ತೇನೆ. ಗಿಡಹೇನಿನ ವಿಷಯದಲ್ಲಿ ಮಾತ್ರ ಒಂದು ದಿನ ನೋಡದಿದ್ದರೂ ನಷ್ಟ ಖಚಿತ. ಅದರ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಮರಿ ಹಾಕುತ್ತವೆ, ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಪೀಳಿಗೆ ಬೆಳೆಯತೊಡಗಿರುತ್ತದೆ, ಅವು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳಿಗೆ ಕಾವಲು ನಿಲ್ಲುತ್ತವೆ. ಗಿಡದ ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ನಾನು ಮೊದಲು ತಿರುವಿ ನೋಡುವುದು ಕುಡಿಯ ಎಲೆಗಳ ಅಡಿಭಾಗವನ್ನು. ಆದರೂ ಔಷಧಿ ಸಿಂಪಡಿಸುವ ಮೊದಲು ಎರಡು ದಿನ ತಡೆಯುತ್ತೇನೆ. ನೀರಿನ ರಭಸಕ್ಕೆ ಅರ್ಧ ಹೇನು ಉದುರುತ್ತವೆ, ಉಳಿದುದನ್ನು ತಿನ್ನಲು ಗುಲಗಂಜಿ ಹುಳುವಿನ ಮರಿಗಳು ಬಂದೇ ಬರುತ್ತವೆ. ಕಪ್ಪು ಮೈಗೆ ಕಿತ್ತಳೆ ಚುಕ್ಕೆಗಳಿರುವ, ಸಣ್ಣ ಮೊಸಳೆಯಂತೆ ಕಾಣುವ ಆ ಮರಿಗಳನ್ನು ಶತ್ರುವೆಂದು ತಿಳಿದು ಹೊಸಕಿಹಾಕುವವರು ಬಹಳ ಮಂದಿ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಹೂವುಗಳು. ಟೊಮೆಟೊ ಹೂವಿನ ಕೇಸರಗಳು ಕೂಡಿಕೊಂಡು ಒಂದು ಹಳದಿ ಕೊಳವೆಯಾಗಿರುತ್ತವೆ, ಪರಾಗ ಅದರ ಒಳಗೆ ಅಡಗಿರುತ್ತದೆ. ಕೆಲವು ಜಾತಿಯ ದುಂಬಿಗಳು ಹೂವನ್ನು ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಗುಂಯ್‌ಗುಟ್ಟಿಸಿ, ಆ ಕಂಪನದಿಂದ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಜೇನುನೊಣಗಳಿಗೆ ಈ ವಿದ್ಯೆ ಬಾರದು. ಗಾಳಿಯೂ ದುಂಬಿಯೂ ಕಡಿಮೆಯಿರುವ ಕಡೆ ಗಿಡದ ಆಸರೆಗೋಲನ್ನು ಬೆಳಗಿನ ಹೊತ್ತು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುವುದರಿಂದ ಕಾಯಿ ಕಚ್ಚುತ್ತದೆ. ವಿಪರೀತ ಸೆಕೆಯ ದಿನಗಳಲ್ಲಿ ಎಷ್ಟು ತಟ್ಟಿದರೂ ಹೂವು ಉದುರುತ್ತದೆ, ಏಕೆಂದರೆ ಆ ಬಿಸಿಗೆ ಪರಾಗವೇ ಸತ್ತ್ವ ಕಳೆದುಕೊಂಡಿರುತ್ತದೆ. ಗಿಡವನ್ನು ಬೈಯದೆ ತಂಪಿನ ದಿನಗಳಿಗೆ ಕಾಯಬೇಕು.

ಸೋರೆ, ಹೀರೆ, ಕುಂಬಳ, ಹಾಗಲಗಳ ಲೋಕ ಬೇರೆ. ಇವುಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಬಳ್ಳಿ ಸಾಮಾನ್ಯವಾಗಿ ಮೊದಲು ಗಂಡು ಹೂಗಳನ್ನೇ ಬಿಡುವುದರಿಂದ ಹೊಸಬರು ‘ಹೂವೆಲ್ಲ ಉದುರುತ್ತಿದೆ, ಒಂದೂ ಕಾಯಿಯಿಲ್ಲ’ ಎಂದು ಕಂಗಾಲಾಗುತ್ತಾರೆ, ನಾನೂ ಆಗಿದ್ದೆ. ಕೆಲವು ದಿನ ಕಳೆದ ಮೇಲೆ ಒಂದು ಗೆಣ್ಣಿನಲ್ಲಿ, ಮೊಗ್ಗಿನ ಹಿಂದೆಯೇ ನವಿರು ರೋಮಗಳಿಂದ ಕೂಡಿದ, ಹೆಬ್ಬೆರಳಿಗಿಂತ ಚಿಕ್ಕದಾದ ಸೋರೆಯ ಹೀಚು ಕಾಣಿಸುತ್ತದೆ. ಅದು ಹೆಣ್ಣು ಹೂವು. ಇನ್ನೂ ಅರಳದ ಹೂವಿಗೆ ಆಗಲೇ ಕಾಯಿಯ ಆಕಾರವಿರುವುದನ್ನು ಮೊದಲು ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ಆದರೆ ಆ ಆಕಾರ ಒಂದು ಸಾಧ್ಯತೆ ಮಾತ್ರ. ಪರಾಗ ತಲುಪದಿದ್ದರೆ ಹೀಚು ಕೆಲವೇ ದಿನಗಳಲ್ಲಿ ಹಳದಿಗೆ ತಿರುಗಿ, ಮುರುಟಿ, ಉದುರಿಬೀಳುತ್ತದೆ.

ಕುಂಬಳದ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಜೇನುನೊಣಗಳೇ ಸಾಕು. ಸೋರೆಯದು ಸಂಜೆಯ ಹೂವು, ಬಿಳಿಯದು, ತೆಳುವಾದುದು. ಕತ್ತಲಲ್ಲಿ ಹಾರುವ ಪತಂಗಗಳಿಗಾಗಿ ಅರಳುವಂಥದ್ದು. ಪತಂಗಗಳು ಬಾರದ ಮೇಲ್ಮಹಡಿಯಲ್ಲಿ ಆ ಕೆಲಸವನ್ನು ಬೆಳೆಸಿದವರೇ ಮಾಡಬೇಕಾಗುತ್ತದೆ. ನನ್ನ ಮೊದಲ ಸೋರೆಬಳ್ಳಿಯಲ್ಲಿ ಐದು ಹೀಚುಗಳು ಹೀಗೆಯೇ ಉದುರಿದವು, ನಾನು ಬೆಳಗ್ಗೆ ಹೊತ್ತೇರಿದ ಮೇಲೆ ಹೋಗಿ ಬಾಡಿದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದೆ. ಆರನೆಯದಕ್ಕೆ ಕತ್ತಲಾಗುವ ಹೊತ್ತಿನಲ್ಲಿಯೇ ಕಾದು ನಿಂತೆ. ಉದ್ದ ತೊಟ್ಟಿನ ಗಂಡು ಹೂವೊಂದನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ಪುಡಿಪುಡಿಯಾದ ಪರಾಗವಿದ್ದ ನಡುಭಾಗವನ್ನು ಹೆಣ್ಣು ಹೂವಿನ ನಡುವಿನ ಉಬ್ಬಿಗೆ ಸುತ್ತಲೂ ಮೆತ್ತಗೆ ಸವರಿದೆ. ಮರುದಿನ ಹೀಚು ಹಾಗೆಯೇ ಇತ್ತು. ಅದರ ಮರುದಿನವೂ ಹಸಿರಾಗಿಯೇ ಇತ್ತು. ನಾಲ್ಕನೆಯ ದಿನ ಅದರ ತೊಟ್ಟು ದಪ್ಪವಾಗಿ, ಮೇಲ್ಮುಖವಾಗಿದ್ದ ಹೀಚು ತನ್ನ ಭಾರಕ್ಕೆ ಕೆಳಮುಖವಾಗಿ ತೂಗತೊಡಗಿತು. ಆ ಒಂದು ಬಾಗನ್ನು ನೋಡಿದಾಗಿನ ಸಂತೋಷ ಅನಂತರ ಆ ಕಾಯಿಯನ್ನು ಕೊಯ್ದಾಗಲೂ ನನಗೆ ಅಷ್ಟಾಗಲಿಲ್ಲ. ಮುಖ್ಯ ಬಳ್ಳಿಯ ಕುಡಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಬೇಗ ಹೊರಟು, ಹೆಣ್ಣು ಹೂಗಳು ಆ ಕವಲುಗಳಲ್ಲಿಯೇ ಹೆಚ್ಚಾಗಿ ಬರುತ್ತವೆಂಬುದನ್ನು ಆಮೇಲೆ ಕಲಿತೆ. ಚೆನ್ನಾಗಿ ಬೆಳೆಯುತ್ತಿರುವ ಕುಡಿಯನ್ನು ಚಿವುಟಲು ಇಂದಿಗೂ ನನ್ನ ಉಗುರು ಹಿಂಜರಿಯುತ್ತದೆ.

ಕೊಯ್ಲಿನ ಬಗೆಗೆ ಹೆಚ್ಚು ಹೇಳುವುದಿಲ್ಲ. ಬೆಂಡೆಯ ಹೂವು ಬಿರಿದ ನಾಲ್ಕೈದು ದಿನಗಳಲ್ಲಿ ಕಾಯಿಯನ್ನು ಕೊಯ್ಯದಿದ್ದರೆ ಅದು ನಾರಾಗುತ್ತದೆ. ದಿನವೂ ನೋಡುವ ರೂಢಿಗೆ ಬೇರೆ ಸಮರ್ಥನೆ ಬೇಕಾಗಿಲ್ಲ. ಬಟಾಣಿಯ ಸಿಹಿ, ಕಾಯಿಯನ್ನು ಕಿತ್ತ ಕೂಡಲೇ ಪಿಷ್ಟವಾಗಿ ಮಾರ್ಪಡತೊಡಗುತ್ತದೆ, ಆದ್ದರಿಂದ ಗಿಡದ ಪಕ್ಕದಲ್ಲಿಯೇ ನಿಂತು ಬಿಡಿಸಿ ತಿಂದ ಬಟಾಣಿಯ ರುಚಿ ಇನ್ನೆಲ್ಲಿಯೂ ಸಿಗುವುದಿಲ್ಲ. ಟೊಮೆಟೊವನ್ನು ಗಿಡದಲ್ಲಿಯೇ ಹಣ್ಣಾಗಲು ಬಿಟ್ಟು ಕೊಯ್ದರೆ ಫ್ರಿಜ್ಜಿನಲ್ಲಿ ಇಡಬೇಡಿ, ಆ ತಂಪಿಗೆ ಅದರ ಪರಿಮಳ ಕುಗ್ಗಿಹೋಗುತ್ತದೆ.

ಪ್ರತಿ ಬೆಳೆಯಲ್ಲಿಯೂ ಎಲ್ಲಕ್ಕಿಂತ ಚೆನ್ನಾದ ಗಿಡದ ಒಂದು ಕಾಯಿಯನ್ನು ನಾನು ಬೀಜಕ್ಕೆ ಬಿಡುತ್ತೇನೆ. ದಾರ ಕಟ್ಟಿ ಗುರುತು ಮಾಡಿದ ಆ ಕಾಯಿಯನ್ನು ಯಾರೂ ಕೊಯ್ಯುವಂತಿಲ್ಲ. ಟೊಮೆಟೊ ಬೀಜಗಳ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುವುದರಿಂದ, ಅವನ್ನು ತಿರುಳಿನ ಸಮೇತ ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ಅನಂತರ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಹೈಬ್ರಿಡ್ ತಳಿಯ ಗಿಡದಿಂದ ಬೀಜ ತೆಗೆದರೆ ಮುಂದಿನ ಪೀಳಿಗೆಯಲ್ಲಿ ಒಂದು ಗಿಡ ಇನ್ನೊಂದರಂತೆ ಇರುವುದಿಲ್ಲ. ಅದು ಏಕೆಂದು ತಿಳಿಸಿಕೊಟ್ಟವರೂ ಒಬ್ಬ ತರಕಾರಿ ಬೆಳೆಗಾರರೇ. ಗ್ರೆಗರ್ ಮೆಂಡೆಲ್ ಅವರು 1856ರಿಂದ 1863ರವರೆಗೆ ಈಗಿನ ಚೆಕ್ ಗಣರಾಜ್ಯದ ಬ್ರನೋ ನಗರದ ತಮ್ಮ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಸಾವಿರಗಟ್ಟಲೆ ಬೆಳೆಸಿ, ಕಾಳು ನುಣುಪೋ ಸುಕ್ಕೋ, ಹಳದಿಯೋ ಹಸಿರೋ ಎಂದು ಒಂದೊಂದನ್ನೂ ಎಣಿಸಿದರು. ನುಣುಪು ಕಾಳಿನ ಗಿಡವನ್ನು ಸುಕ್ಕು ಕಾಳಿನ ಗಿಡದೊಂದಿಗೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಮರೆಯಾಗಿದ್ದ ಸುಕ್ಕು ಕಾಳು ಎರಡನೆಯ ಪೀಳಿಗೆಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲಿನಷ್ಟು ಮರಳಿ ಬಂದುದನ್ನು ಅವರು ಆ ಎಣಿಕೆಯಿಂದಲೇ ಕಂಡರು. ಬಟಾಣಿಯ ಸಿಪ್ಪೆ ಬಿಡಿಸುವಾಗ ನನ್ನ ಕೈ ಎಷ್ಟೋ ಸಲ ಆ ನೆನಪಿಗೆ ನಿಧಾನವಾಗುತ್ತದೆ.

ಈ ವಾರ ಬಳ್ಳಿಯ ಮೂರನೆಯ ಕವಲಿನಲ್ಲಿ ಸೋರೆಯ ಹೆಣ್ಣು ಮೊಗ್ಗೊಂದು ಇದೆ. ನಿನ್ನೆಯವರೆಗೆ ಹಸಿರಾಗಿ ಬಿಗಿದುಕೊಂಡಿದ್ದ ಅದರ ತುದಿಯಲ್ಲಿ ಇಂದು ಮಧ್ಯಾಹ್ನ ಬಿಳಿ ಇಣುಕಿದೆ, ಆದ್ದರಿಂದ ಅದು ಇಂದೇ ಅರಳಬೇಕು. ಅದರ ಪಕ್ಕದ ಗೆಣ್ಣಿನಲ್ಲಿ ಎರಡು ಗಂಡು ಮೊಗ್ಗುಗಳೂ ಇಂದಿಗೇ ಸಿದ್ಧವಾಗಿವೆ. ಹೊರಗೆ ಬೆಳಕು ಇಳಿಯತೊಡಗಿದೆ, ಟಾರ್ಚು ಮೇಜಿನ ಮೇಲಿದೆ. ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ, ಗಿಡ ನೋಡಿ ಬರುತ್ತೇನೆ.